ಕಲ್ಲಿನ ಜೊತೆ ಬಂದವರು

ಮೂಡಿಗೆರೆಯಲ್ಲಿ ಕಾಫಿ ವ್ಯಾಪಾರ ಮಾಡುವ ಅಬ್ದುಲ್ ಮಜೀದ್ ಅವರ ಕಣ್ಣು ಕಂಡರೆ ಆ ಕಡೆಯ ಬೆಳೆಗಾರರಿಗೆಲ್ಲ ಸ್ವಲ್ಪ ಹೆದರಿಕೆ. ಚೀಲದಿಂದ ಒಳಸಿಪ್ಪೆ ಸಮೇತ ಒಣಗಿಸಿದ ಒಂದು ಹಿಡಿ ಪಾರ್ಚ್‌ಮೆಂಟ್ ತೆಗೆದು, ಸಿಪ್ಪೆ ಬಿಡಿಸಿ, ಬೀಜವನ್ನು ಬಿಳಿ ತಟ್ಟೆಯಲ್ಲಿ ಹರಡಿ, ಕನ್ನಡಕವನ್ನು ಹಣೆಗೇರಿಸಿ ನೋಡಿದರೆಂದರೆ ಹುಳ ಕೊರೆದದ್ದು, ಕಪ್ಪಾದದ್ದು, ಒಡೆದದ್ದು ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವನ್ನು ಒಂದೊಂದಾಗಿ ಹೆಕ್ಕಿ ಮೇಜಿನ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆ ಸಾಲು ಉದ್ದವಾಗುತ್ತ ಹೋದ ಹಾಗೆ ಎದುರಿಗೆ ಕೂತ ಬೆಳೆಗಾರನ ಮುಖ ಸಣ್ಣದಾಗುತ್ತಿತ್ತು. ಮನೆಯಲ್ಲೂ ಅವರ ರೀತಿ ಹೀಗೇ. ಬಿರಿಯಾನಿಯಲ್ಲಿ ಲವಂಗ ಸಿಕ್ಕಿದರೆ, ಏಲಕ್ಕಿ ಸಿಕ್ಕಿದರೆ, ತಟ್ಟೆಯ ಅಂಚಿನಲ್ಲಿ ಸಾಲು.

ಆ ವರ್ಷ ಕಾಫಿಗೆ ಒಳ್ಳೆಯ ರೇಟು ಬಂದಿತ್ತು. ಕೆಲವರು ಹೊಸ ಜೀಪು ತಗೊಂಡರು, ಕೆಲವರು ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದರು. ಮಜೀದ್ ಅವರು ಮನೆಗೆ ಸಮುದ್ರ ತಂದರು.

ಮಂಗಳೂರಿನಲ್ಲಿ ರಫ್ತು ಮಾಡುವವರೊಬ್ಬರ ಆಫೀಸಿನಲ್ಲಿ ಅವರು ಉಪ್ಪುನೀರಿನ ಅಕ್ವೇರಿಯಂ ನೋಡಿದ್ದರು. ವಾಪಸ್ ಬರುವಾಗ ಘಾಟಿಯುದ್ದಕ್ಕೂ ಅದೇ ಯೋಚನೆ. ಚಿಕ್ಕಮಗಳೂರಿನಲ್ಲಿ ಯಾರಾದರೂ ಇಟ್ಟಿರಬಹುದೇನೋ, ಮೂಡಿಗೆರೆಯಲ್ಲಿ ಮಾತ್ರ ಖಂಡಿತ ಯಾರ ಮನೆಯಲ್ಲೂ ಇಲ್ಲ. ಅಂಥ ತೊಟ್ಟಿಗಳನ್ನು ಮಾಡಿಕೊಡುವ ಹಸೀಬ್ ಎಂಬವನನ್ನು ಮಂಗಳೂರಿನಿಂದ ಕರೆಸಿದರು. ಬಾಗಿಲಿನಷ್ಟು ಉದ್ದದ ಗಾಜಿನ ತೊಟ್ಟಿ, ಪಂಪು, ಉಪ್ಪಿನ ಚೀಲ, ಮೂಡಿಗೆರೆಯ ಚಳಿಗೆ ಮೀನು ಸೆಟೆದುಕೊಳ್ಳಬಾರದೆಂದು ಒಂದು ಹೀಟರು, ಎಲ್ಲ ಬಂತು. ಜೊತೆಗೆ ಒಂದಿಷ್ಟು ಕಲ್ಲು. ನಿಜವಾದ ಕಲ್ಲಲ್ಲ. ಸಿಮೆಂಟು, ಚಿಪ್ಪಿನ ಪುಡಿ ಕಲಸಿ ಹಸೀಬನೇ ಎರಕ ಹೊಯ್ದು, ತನ್ನ ಸಮುದ್ರದ ನೀರಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಮುಳುಗಿಸಿಟ್ಟದ್ದು. ಈಗ ಅದರ ಮೇಲೆ ನೇರಳೆ, ಹಸಿರು, ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿ, ಹುಟ್ಟಿನಿಂದಲೇ ಸಮುದ್ರದ ತಳದಲ್ಲಿದ್ದ ಹಾಗೆ ಕಾಣುತ್ತಿತ್ತು.

ಮೀನುಗಳನ್ನು ಮಜೀದ್ ಅವರೇ ಆರಿಸಿದರು. ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಎರಡು, ಹಳದಿಯದು ಒಂದು. ಪಟ್ಟೆ ಸ್ವಲ್ಪ ಸೊಟ್ಟಗಿದ್ದ ಒಂದು ಮೀನನ್ನು ವಾಪಸ್ ಕಳಿಸಿದರು.

ಹೆಂಡತಿ ಜೊಹರಾ ಮೊದಲ ವಾರ ದಿನಾ ತೊಟ್ಟಿಯ ಮುಂದೆ ಕೂತರು. ಎರಡನೆಯ ವಾರಕ್ಕೆ ಬೇಜಾರು ಬಂತು. ಅವರು ಬೆಳೆದದ್ದು ಕುದುರೆಮುಖದ ಕಂಪನಿ ಕ್ವಾರ್ಟರ್ಸ್‌ನಲ್ಲಿ. ಎಲ್ಲೆಲ್ಲಿಂದಲೋ ಬಂದವರು ಒಂದೇ ಸಾಲಿನ ಮನೆಗಳಲ್ಲಿದ್ದು, ಯಾರ ಅಡಿಗೆಮನೆಗೆ ಯಾರು ಬೇಕಾದರೂ ನುಗ್ಗುತ್ತಿದ್ದ ಜಾಗ ಅದು. ಈ ಮೀನುಗಳೋ, ಊಟ ಹಾಕಿದರೆ ಮೇಲೆ ಬರುತ್ತವೆ, ತಿಂದು ಕೆಳಗೆ ಹೋಗುತ್ತವೆ. ಮಾರನೇ ದಿನವೂ ಅದೇ. ಗಂಡನಿಗೆ ಹಾಗೆ ಹೇಳಿದರೆ ಬೇಸರವಾಗುತ್ತದೆಂದು ಮಗಳು ಫಿಜಾಳ ಹತ್ತಿರ ಮಾತ್ರ ಹೇಳಿದರು. ಫಿಜಾ ಊರಿನ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತಾಳೆ, ತಾಯಿಯ ಹಾಗೇ ನಗುವಿಗೆ ಕಾರಣ ಹುಡುಕಿಕೊಂಡಿರುವವಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೋಡ ಕವಿದು ಹಾಲ್‌ನಲ್ಲಿ ಮಬ್ಬು ಕತ್ತಲು. ಪಂಪು ಇನ್ವರ್ಟರ್‌ನಲ್ಲಿ ಓಡುತ್ತಿದೆಯೋ ಇಲ್ಲವೋ ನೋಡಲು ಜೊಹರಾ ಮೊಬೈಲಿನ ಟಾರ್ಚು ಹಾಕಿ ಬಗ್ಗಿದರು. ಬೆಳಕು ಕಲ್ಲಿನ ಮೇಲೆ ಬಿತ್ತು. ಕಲ್ಲಿನ ಒಂದು ತೂತಿನಿಂದ ದಾರದಷ್ಟು ತೆಳ್ಳಗಿನ ಎರಡು ಕೈಗಳು ಹೊರಗೆ ಚಾಚಿಕೊಂಡು ನೀರಿನಲ್ಲಿ ಏನನ್ನೋ ತಡಕಾಡುತ್ತಿದ್ದವು. ಪಕ್ಕದ ಬಿರುಕಿನಿಂದ ತೊಗರು ಬಣ್ಣದ ಹುಳವೊಂದು, ಎರಡು ಬದಿಗೂ ಬಿಳಿ ರೋಮದ ಝಾಲರಿ, ಅರ್ಧ ಹೊರಗೆ ಬಂದು ಮೀನು ಬಿಟ್ಟ ಆಹಾರದ ಚೂರನ್ನು ಎಳೆದುಕೊಂಡು ಒಳಗೆ ಹೋಯಿತು. ಗಾಜಿನ ಮೇಲೆ ಅಂಗಿಯ ಗುಂಡಿಗಿಂತ ಚಿಕ್ಕದೊಂದು ನಕ್ಷತ್ರಮೀನು. ಸಾಸಿವೆಯಷ್ಟಿದ್ದ ಶಂಖದ ಹುಳುಗಳು ಅವಸರವಿಲ್ಲದೆ ತೆವಳುತ್ತಿದ್ದವು.

ಜೊಹರಾ ಕರೆಂಟು ಬರುವ ತನಕ ಅಲ್ಲಿಂದ ಏಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

ಆದರೆ ಆ ಕಣ್ಣಿಗೆ ಎಷ್ಟು ದಿನ ಮರೆಮಾಡಲಾಗುತ್ತದೆ? ಒಂದು ಬೆಳಿಗ್ಗೆ ಮಜೀದ್ ಅವರು ಕನ್ನಡಕವನ್ನು ಹಣೆಗೇರಿಸಿದರು. ಗಾಜಿನ ಮೂಲೆಯಲ್ಲಿ ನಕ್ಷತ್ರ ಸಿಕ್ಕಿಬಿತ್ತು. ಕೂಡಲೇ ಹಸೀಬನಿಗೆ ಫೋನು. ತಾನು ತರಿಸದ ಮಾಲು ತೊಟ್ಟಿಯಲ್ಲಿ ಹೇಗೆ ಬಂತು ಅಂತ ಕೇಳಿದರು. ಹಸೀಬ್ ನಕ್ಕು, ಇಂಥವು ಬರುವುದೇ ಹಾಗೆ, ಕಲ್ಲಿನ ಸಂದಿಯಲ್ಲಿ ಕೂತು ಪುಕ್ಕಟೆ ಸವಾರಿ ಮಾಡುತ್ತವೆ, ಮೀನಿಗೂ ಮನುಷ್ಯರಿಗೂ ತೊಂದರೆಯಿಲ್ಲ, ರೋಮದ ಹುಳವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಮುಳ್ಳು ಚುಚ್ಚೀತು ಅಂತೆಲ್ಲ ಹೇಳಿದ.

"ಅದರ ಪಾಡಿಗೆ ಅದು ಉಂಟು ಸರ್, ಬಿಟ್ಟುಬಿಡಿ" ಅಂದ.

"ನಾನು ತರಿಸಿದ್ದು ಮೂರು ಮೀನು" ಅಂದರು ಮಜೀದ್, ಫೋನಿಟ್ಟರು.

ಅವತ್ತಿನಿಂದ ಹೆಕ್ಕುವುದು ಶುರುವಾಯಿತು. ಉದ್ದನೆಯ ಚಿಮಟವೊಂದನ್ನು ತಂದರು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ತೊಟ್ಟಿಯ ಮುಂದೆ ಸ್ಟೂಲು ಹಾಕಿ ಕೂತು ನಕ್ಷತ್ರ, ಶಂಖದ ಹುಳು, ರೋಮದ ಹುಳ, ಸಿಕ್ಕಿದ್ದನ್ನೆಲ್ಲ ಎತ್ತಿ ಉಪ್ಪುನೀರಿನ ಬಕೆಟಿಗೆ ಹಾಕುತ್ತಿದ್ದರು. ತೂತಿನೊಳಗೆ ಅಡಗಿದ್ದ ಉದ್ದ ಕೈಯವನನ್ನು ಹಿಡಿಯಲು ಆ ಕಲ್ಲನ್ನೇ ಹೊರಗೆ ತೆಗೆದು ಕೊಡವಿದರು. ಕೆಲಸ ಮುಗಿದ ಮೇಲೆ ಬಕೆಟನ್ನು ಚರಂಡಿಗೆ ಸುರಿಯಲು ಹೆಂಡತಿಗೆ ಹೇಳುತ್ತಿದ್ದರು. ಜೊಹರಾ ಹೂಂ ಅಂದು ತಗೊಂಡು ಹೋಗುತ್ತಿದ್ದರು.

ಚರಂಡಿಯ ತನಕ ಬಕೆಟು ಒಂದು ದಿನವೂ ಹೋಗಲಿಲ್ಲ. ಉಗ್ರಾಣದ ಕಿಟಕಿಯಲ್ಲಿ, ಅಕ್ಕಿ ಡ್ರಮ್ಮಿನ ಹಿಂದೆ, ಬೇಕರಿಯವರು ಬಿಸ್ಕತ್ತು ತುಂಬಿಡುವಂಥ ದೊಡ್ಡ ಗಾಜಿನ ಜಾಡಿಯೊಂದು ತಯಾರಾಗಿತ್ತು. ಅದರ ತಳದಲ್ಲಿ ಕಲ್ಲಿನಿಂದ ಉದುರಿದ ಎರಡು ತುಂಡು. ಹಸೀಬ್ ಹೆಚ್ಚಿಗೆ ಬಿಟ್ಟುಹೋಗಿದ್ದ ಪುಟ್ಟ ಗಾಳಿಪಂಪು ಗುಳುಗುಳು ಅನ್ನುತ್ತಿತ್ತು. ಕಾಲೇಜಿನಿಂದ ಬಂದ ಫಿಜಾ ಮೊಬೈಲಿನಲ್ಲಿ ಹುಡುಕಿ, ಯಾವುದು ಏನು ತಿನ್ನುತ್ತದೆ, ನೀರನ್ನು ಹೇಗೆ ಬದಲಾಯಿಸಬೇಕು ಅಂತ ಓದಿ ಹೇಳುತ್ತಿದ್ದಳು. ಅವುಗಳ ಲ್ಯಾಟಿನ್ ಹೆಸರು ನಾಲಿಗೆಗೆ ಹೊರಳದೆ ತಾಯಿ ಮಗಳು ತಮ್ಮದೇ ಹೆಸರಿಟ್ಟರು. ಎಲ್ಲರೂ ಉಂಡೆದ್ದ ಮೇಲೆ ಬಂದು ಮಿಕ್ಕಿದ್ದನ್ನು ಪರೀಕ್ಷೆ ಮಾಡುವ ರೋಮದ ಹುಳ ಮೇಸ್ತ್ರಿ. ಕೋಣೆ ಬಿಟ್ಟು ಹೊರಗೆ ಬರದೆ ಬರೀ ಕೈ ಚಾಚುವವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಮೂರು ಕಾಲು ಉದ್ದ, ಎರಡು ಕಾಲು ಮೊಟಕಾಗಿದ್ದ ನಕ್ಷತ್ರ ಮೊಂಡ.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಒಂದು ಶುಕ್ರವಾರ ಊಟಕ್ಕೆ ಕೂತಾಗ ಮಜೀದ್ ಅವರು, ತೊಟ್ಟಿ ಈಗ ಪೂರಾ ಕ್ಲೀನ್, ಬೇಕಾದವರು ಬಂದು ಸ್ಯಾಂಪಲ್ ನೋಡಬಹುದು ಅಂದರು. ಹಾಗೆನ್ನುತ್ತ ಏಲಕ್ಕಿಯೊಂದನ್ನು ತಟ್ಟೆಯ ಅಂಚಿಗಿಟ್ಟರು. ಆ ಏಲಕ್ಕಿಯನ್ನು ಇಟ್ಟ ರೀತಿಯಲ್ಲಿದ್ದ ತೃಪ್ತಿ ನೋಡಿ ಜೊಹರಾಗೆ ಒಳಗೇ ಏನೋ ಕುಣಿಯಿತು.

ಅವರು ಮತ್ತೆ ಅಂಗಡಿಗೆ ಹೋದದ್ದೇ, ಜೊಹರಾ ಮೊಂಡನನ್ನು ಚಮಚದಲ್ಲಿ ಎತ್ತಿ ತಂದು ತೊಟ್ಟಿಗೆ ಬಿಟ್ಟರು.

ಸಂಜೆ ಮಜೀದ್ ಅವರಿಗೆ ನಕ್ಷತ್ರ ಸಿಕ್ಕಿತು. ಹೆಕ್ಕಿ ಬಕೆಟಿಗೆ ಹಾಕಿದರು. ಮಾರನೇ ದಿನ ಹೀಟರಿನ ಹತ್ತಿರ ಇನ್ನೊಂದು ಸಿಕ್ಕಿತು. ಅದನ್ನೂ ಹೆಕ್ಕಿದರು. ಅದರ ಮಾರನೇ ದಿನ ಪಂಪಿನ ಕೆಳಗೆ ಮತ್ತೊಂದು. ಮತ್ತೆ ಹಸೀಬನಿಗೆ ಫೋನು ಹೋಯಿತು. ಅವನು, ಆ ಜಾತಿ ನಕ್ಷತ್ರ ತನ್ನನ್ನು ತಾನೇ ಎರಡಾಗಿ ಹರಿದುಕೊಂಡು ಬೆಳೆಯುತ್ತದೆ, ಹಾಗಾಗಿ ಒಂದಿದ್ದದ್ದು ನಾಳೆ ಎರಡಾದರೆ ಆಶ್ಚರ್ಯ ಇಲ್ಲ ಅಂದ. ಮಜೀದ್ ಅವರಿಗೆ ಆವತ್ತು ಊಟ ಸೇರಲಿಲ್ಲ. ಕಾಯಿಕೊರಕ ಹುಳವಾದರೂ ಬಿಡಿಸಿಟ್ಟ ಮೇಲೆ ಸಾಯುತ್ತದೆ, ಇದೆಂಥ ಜಾತಿ ಮಾರಾಯ್ತಿ ಅಂತ ಹೆಂಡತಿಯ ಹತ್ತಿರ ಹೇಳಿಕೊಂಡರು. ಜೊಹರಾ ತುಂಬಾ ಮರುಕದಿಂದ ಕೇಳಿಸಿಕೊಂಡರು. ಒಳಗೆ ಹೋಗಿ ಫಿಜಾಳ ಭುಜಕ್ಕೆ ಮುಖವಿಟ್ಟು ನಕ್ಕರು.

ಆಟ ಹಾಗೇ ನಡೆಯಿತು. ಮಜೀದ್ ಅವರು ಅಂಗಡಿಗೆ ತಡವಾಗಿ ಹೋಗತೊಡಗಿದರು. ಮಾಲು ತಂದ ಬೆಳೆಗಾರರು ಕಾಯುತ್ತ ಕೂರತೊಡಗಿದರು.

ಫಿಜಾಗೆ ಒಂದೇ ಅಳುಕು. ಬೇರೆ ನಕ್ಷತ್ರಗಳು ಜಾಡಿಯಲ್ಲಿದ್ದರೂ ಮೊಂಡನೇ ಎತ್ತಲು ಸುಲಭ ಅಂತ ತಾಯಿ ದಿನಾ ಅವನನ್ನೇ ಬಿಡುತ್ತಿದ್ದರು. "ಅಬ್ಬಾನ ಕಣ್ಣು ನಿಮಗೆ ಗೊತ್ತಿಲ್ವಾ ಅಮ್ಮಿ?" ಅಂತ ಎಚ್ಚರಿಸಿದಳು. ಜೊಹರಾ ಕೇಳಲಿಲ್ಲ.

ಒಂದು ಬೆಳಿಗ್ಗೆ ಮಜೀದ್ ಅವರು ಚಿಮಟದಲ್ಲಿ ಹಿಡಿದ ನಕ್ಷತ್ರವನ್ನು ಬಕೆಟಿಗೆ ಹಾಕುವ ಮೊದಲು ಸ್ವಲ್ಪ ಹೊತ್ತು ತಡೆದರು. ಮೂರು ಉದ್ದ, ಎರಡು ಮೊಟಕು. ಸಾವಿರ ಬೀಜದ ನಡುವೆ ನಿನ್ನೆ ನೋಡಿದ ಒಂದು ಬೀಜವನ್ನು ಗುರುತಿಸಬಲ್ಲ ಮನುಷ್ಯ ಅವರು. ಎಂದಿನ ಹಾಗೆ ಬಕೆಟಿಗೆ ಹಾಕಿ, ಎಂದಿನ ಹಾಗೆ ಹೆಂಡತಿಯ ಕೈಗೆ ಕೊಟ್ಟರು.

ಮಾರನೇ ಬೆಳಿಗ್ಗೆ ತಿಂಡಿಗೆ ಅಕ್ಕಿರೊಟ್ಟಿ. ಮಜೀದ್ ಅವರು ಚಟ್ನಿ ಹಾಕಿಸಿಕೊಳ್ಳುತ್ತ ಹವಾಮಾನದ ಸುದ್ದಿ ಹೇಳುವವರ ದನಿಯಲ್ಲಿ ಹೇಳಿದರು.

"ಹಸೀಬ್ ಫೋನ್ ಮಾಡಿದ್ದ. ಆ ನಕ್ಷತ್ರದ ಮೈಮೇಲೆ ಒಂಥರಾ ವಿಷ ಇದೆಯಂತೆ. ನಾನು ಚಿಮಟದಲ್ಲಿ ಹಿಡಿಯೋದ್ರಿಂದ ಬಚಾವ್. ಬರಿಗೈ ತಾಗಿದ್ರೆ ಮೊದಲು ಅಂಗೈ ತುರಿಕೆ ಬರುತ್ತಂತೆ. ಆಮೇಲೆ ನಿಧಾನಕ್ಕೆ ಕೂದಲು ಉದುರುತ್ತಂತೆ."

ರೊಟ್ಟಿ ಮುಗಿಸಿ, ಕೈ ತೊಳೆದು, ಅಂಗಡಿಗೆ ಹೊರಟರು.

ಬಾಗಿಲು ಮುಚ್ಚಿದ ಕೂಡಲೇ ಜೊಹರಾ ಅವರ ಬಲಗೈ ತುರಿಸಿತು. ಚಮಚದಿಂದ ಜಾರಿದಾಗ ಮೊಂಡನನ್ನು ಎಷ್ಟು ಸಲ ಬೆರಳಲ್ಲಿ ಹಿಡಿದಿಲ್ಲ? ಅರಿಶಿನ ಹಚ್ಚಿದರು, ನಿಂಬೆಹುಳಿ ಉಜ್ಜಿದರು. ಉಜ್ಜಿದಷ್ಟೂ ತುರಿಕೆ ಹೆಚ್ಚಾಯಿತು. ಅತ್ತ ಫಿಜಾ ಪಾಠ ಮಾಡುತ್ತ ಮಾಡುತ್ತ ಒಂದೇ ಸಮನೆ ಅಂಗೈ ಕೆರೆದುಕೊಂಡಳು. ಸಂಜೆ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ, ಇದು ದಿನಕ್ಕಿಂತ ಜಾಸ್ತಿ ಅಂತ ಇಬ್ಬರೂ ತೀರ್ಮಾನಿಸಿದರು. ಮನೆಯಲ್ಲಿದ್ದ ಎಣ್ಣೆಗಳೆಲ್ಲ ಹೊರಗೆ ಬಂದವು. ಮಜೀದ್ ಅವರು ಮನೆಗೆ ಬಂದಾಗ ಹಾಲ್ ತುಂಬ ಕೊಬ್ಬರಿ ಎಣ್ಣೆ, ಹರಳೆಣ್ಣೆಯ ವಾಸನೆ. ಅವರು ದೀರ್ಘವಾಗಿ ಉಸಿರೆಳೆದುಕೊಂಡು, ಪೇಪರು ಬಿಡಿಸಿ ಅದರ ಹಿಂದೆ ಮುಖ ಇಟ್ಟರು. ಪೇಪರು ಸ್ವಲ್ಪ ಅಲುಗಾಡಿತು.

ಕೊನೆಗೆ ಜೊಹರಾ ತಡೆಯಲಾರದೆ ಹಸೀಬನಿಗೆ ಫೋನು ಮಾಡಿದರು. ವಿಷವೂ ಇಲ್ಲ, ಎಂಥದೂ ಇಲ್ಲ, ತಾನು ಫೋನ್ ಮಾಡಿಯೇ ಇಲ್ಲವಲ್ಲ ಅಂದ ಅವನು. ಜೊಹರಾ ಫೋನಿಟ್ಟು ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು. ತುರಿಕೆ ನಿಂತಿತ್ತು.

ಅಂದರೆ ಗಂಡನಿಗೆ ಗೊತ್ತಾಗಿದೆ. ಅವರಿಗೆ ಗೊತ್ತಾಗಿದೆ ಅನ್ನುವುದು ಇವರಿಗೂ ಗೊತ್ತಾಯಿತು. ಆದರೆ ಬಾಯಿ ಬಿಟ್ಟವರು ಸೋತ ಹಾಗೆ. ಯಾರೂ ಬಿಡಲಿಲ್ಲ.

ಮಜೀದ್ ಅವರಿಗೆ ತಿಳಿಯದೆ ಉಳಿದದ್ದು ಒಂದೇ, ನಕ್ಷತ್ರ ಇರುವ ಜಾಗ. ಸುತ್ತಿಗೆ ಹುಡುಕುವ ನೆಪದಲ್ಲಿ ಅವರು ಉಗ್ರಾಣಕ್ಕೆ ಬಂದರು. ಅಷ್ಟರಲ್ಲಿ ಜಾಡಿ ವಾಷಿಂಗ್ ಮೆಷೀನಿನ ಹಿಂದೆ ಸೇರಿತ್ತು. ಅವರು ಬಚ್ಚಲ ಕಡೆ ಹೊರಟರೆ ಜಾಡಿ ಫಿಜಾಳ ಬೀರುವಿನೊಳಗೆ, ದುಪಟ್ಟಾಗಳ ನಡುವೆ. ಗಾಳಿಪಂಪಿನ ಗುಂಯ್‌ಗುಡುವ ಸದ್ದಿಗೆ ಅವರು ಕಿವಿ ಕೊಟ್ಟು ನಿಂತರೆ ಜೊಹರಾ ಮಿಕ್ಸಿ ಹಾಕಿಬಿಡುತ್ತಿದ್ದರು. ಆ ವಾರ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ರುಬ್ಬಿದ ಮಸಾಲೆ ಎಷ್ಟೋ.

ಈ ಗಡಿಬಿಡಿಯಲ್ಲಿ ಹಾಲ್‌ನಲ್ಲಿದ್ದ ತೊಟ್ಟಿಯ ಕಡೆ ಸರಿಯಾಗಿ ನೋಡಿದವರಿಲ್ಲ. ಗಾಜಿನ ಮೇಲೆ ಕಂದು ಪೊರೆ ಹಬ್ಬಿತು. ಕಲ್ಲಿನ ಮೇಲೆ ಹಸಿರು ಕೂದಲು ಬೆಳೆಯಿತು. ಮೀನಿಗೆ ಹಾಕಿ ಮಿಕ್ಕ ಆಹಾರ ಸಂದಿಯಲ್ಲಿ ಕೊಳೆತು ಬಿಳಿ ಬೂಷ್ಟು ಎದ್ದಿತು. ಮಜೀದ್ ಅವರು ಉಜ್ಜಿದರೆ ಎರಡು ದಿನಕ್ಕೆ ಮತ್ತೆ ಅದೇ. ಒಳಗೆ ಮೀನುಗಳು ಮಂಜಿನಲ್ಲಿ ಬರುವ ಬಸ್ಸಿನ ಲೈಟಿನ ಹಾಗೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವು.

ಕಳಸದ ಕಡೆಯ ಬೆಳೆಗಾರ ರಮಾಕಾಂತ ಮಜೀದ್ ಅವರ ಹಳೆಯ ಸ್ನೇಹಿತರು. ಮೇಜಿನ ಅಂಚಿನ ಆ ಸಾಲನ್ನು ಕಂಡು ಹೆದರದೆ, "ಇದರಲ್ಲಿ ಎರಡು ನಿಮ್ಮ ಮೇಜಿನದೇ ಇರ್ಬೇಕು ಮಾರಾಯ್ರೆ" ಅನ್ನುವಷ್ಟು ಸಲಿಗೆ. ಆ ಶನಿವಾರ ಅವರು ಹೆಂಡತಿ ಸುಬ್ಬಲಕ್ಷ್ಮಿಯವರನ್ನೂ ಕರೆದುಕೊಂಡು ಬಂದರು. ಮೂಡಿಗೆರೆಯಲ್ಲಿ ಸಮುದ್ರ ಇದೆ ಅಂತ ಗಂಡ ಹೇಳಿದ್ದನ್ನು ಕೇಳಿ ಕೇಳಿ, ನೋಡದೆ ಇರಲಾರೆ ಅಂತ ಆಕೆ ಹೊರಟಿದ್ದರು.

ಜೀಪಿನ ಸದ್ದಾದಾಗ ಜಾಡಿ ಜೊಹರಾ ಅವರ ಕೈಯಲ್ಲೇ ಇತ್ತು. ನೀರು ಬದಲಾಯಿಸುತ್ತಿದ್ದರು. ಮುಂದೆ ಗಂಡ, ಗೇಟಿನಲ್ಲಿ ನೆಂಟರು. ಗಾಬರಿಯಲ್ಲಿ ಅದನ್ನು ಊಟದ ಕೋಣೆಯ ಬೇಸಿನ್ನಿನ ಪಕ್ಕದ ಕಟ್ಟೆಯ ಮೇಲಿಟ್ಟು, ಮೇಲೊಂದು ಟವೆಲು ಹೊದೆಸಿ ಬಾಗಿಲಿಗೆ ಬಂದರು.

ಸುಬ್ಬಲಕ್ಷ್ಮಿಯವರು ತೊಟ್ಟಿಯ ಮುಂದೆ ನಿಂತರು. ಒಂದು ಬದಿಯಿಂದ ನೋಡಿದರು, ಇನ್ನೊಂದು ಬದಿಯಿಂದ ನೋಡಿದರು. ಒಳ್ಳೆಯ ಮನಸ್ಸಿನವರು. ಬಣ್ಣ ಚೆನ್ನಾಗಿದೆ ಅಂದರು. ಯಾವುದರ ಬಣ್ಣ ಅನ್ನಲಿಲ್ಲ. ರಮಾಕಾಂತ ಕೆಮ್ಮಿದರು. ಮಜೀದ್ ಅವರ ಕಿವಿ ಕೆಂಪಾಯಿತು.

ಕಾಫಿಗೆ ಮೊದಲು ಕೈ ತೊಳೆಯಲು ಸುಬ್ಬಲಕ್ಷ್ಮಿಯವರು ಒಳಗೆ ಹೋದರು. ಒರೆಸಿಕೊಳ್ಳಲು ಟವೆಲು ಎಳೆದರು. ಆಮೇಲೆ ಅವರ ಸದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ, "ರೀ, ಸ್ವಲ್ಪ ಬನ್ನಿ ಇಲ್ಲಿ" ಅಂತ ಮೆಲ್ಲಗೆ ಕರೆದದ್ದು ಕೇಳಿಸಿತು. ರಮಾಕಾಂತ ಹೋದರು. ಅವರೂ ವಾಪಸ್ ಬರಲಿಲ್ಲ. ಕೊನೆಗೆ ಮಜೀದ್ ಅವರು ಎದ್ದು ಹೋದರು. ಹಿಂದೆ ಜೊಹರಾ ಮತ್ತು ಫಿಜಾ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು.

ಜಾಡಿಯ ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು. ಕಿಟಕಿಯ ಬಿಸಿಲು ನೇರವಾಗಿ ಅದರೊಳಗೆ ಬಿದ್ದಿತ್ತು. ಮೇಸ್ತ್ರಿ ಕಲ್ಲಿನ ಸುತ್ತ ಒಂದು ಸುತ್ತು ಹಾಕುತ್ತಿದ್ದ. ಪುಟ್ಟ ಶಂಖಗಳು ಗಾಜನ್ನು ಸವರಿಕೊಂಡು ಹೋದ ದಾರಿ ಮಿರಮಿರ ಮಿಂಚುತ್ತಿತ್ತು. ಧೂಳಿನ ಕಣದಷ್ಟಿದ್ದ ಬಿಳಿ ಜೀವಗಳು ಕುಪ್ಪಳಿಸುತ್ತಿದ್ದವು. ರೈಟರ್ ತನ್ನ ಆಫೀಸಿನಿಂದ ಎರಡು ಕೈ ಹೊರಗೆ ಹಾಕಿ ಗಾಳಿಗುಳ್ಳೆಗಳನ್ನು ಹಿಡಿಯಲು ನೋಡುತ್ತಿದ್ದ. ಮೊಂಡ, ಮೂರು ಉದ್ದ ಎರಡು ಮೊಟಕು, ಎಲ್ಲರಿಗೂ ಕಾಣುವ ಹಾಗೆ ಗಾಜಿನ ನಟ್ಟನಡುವೆ ಅಂಟಿಕೊಂಡಿದ್ದ.

ಮಜೀದ್ ಅವರು ಕನ್ನಡಕವನ್ನು ಹಣೆಗೇರಿಸಿ ಬಗ್ಗಿದರು. ಎಷ್ಟು ಹೊತ್ತು ಬಗ್ಗಿದ್ದರೆಂದರೆ ರಮಾಕಾಂತ ಕಾಲು ಬದಲಾಯಿಸಿ ನಿಂತರು.

"ಇದನ್ನೂ ಮಂಗಳೂರಿಂದಲೇ ತರಿಸಿದ್ದಾ ಮಾರಾಯ್ರೆ?" ಅಂತ ಕೇಳಿದರು.

ಜೊಹರಾ ಮಗಳ ಕೈ ಹಿಸುಕಿದರು.

ಮಜೀದ್ ಅವರು ನೆಟ್ಟಗಾದರು. "ಹೌದು" ಅಂದರು. "ಇದು ಬೇರೆ ಲಾಟು."

ಜೊಹರಾ ಸೆರಗನ್ನು ಬಾಯಿಗೆ ತುಂಬಿಕೊಂಡು ಅಡಿಗೆಮನೆಗೆ ಓಡಿದರು. ಮಜೀದ್ ಅವರು ಅದನ್ನು ಗಮನಿಸದವರ ಹಾಗೆ, ಸುಬ್ಬಲಕ್ಷ್ಮಿಯವರಿಗೆ ಒಂದೊಂದನ್ನೂ ತೋರಿಸಿ ವಿವರಿಸತೊಡಗಿದರು. ಮೇಸ್ತ್ರಿಯನ್ನು ನೀರಿನ ಜರಿ ಅಂದರು, ರೈಟರನ್ನು ಒಂದು ಜಾತಿ ಬೇರು ಅಂದರು. ಎಲ್ಲ ತಪ್ಪು. ಆದರೆ ಹೇಳುವ ಠೀವಿ ನೋಡಿದರೆ ಅವರೇ ಸಮುದ್ರಕ್ಕಿಳಿದು ಒಂದೊಂದಾಗಿ ಆರಿಸಿ ತಂದ ಹಾಗಿತ್ತು. ಫಿಜಾ ತಿದ್ದಲು ಹೋಗಲಿಲ್ಲ. ಕಾಫಿ ತಣ್ಣಗಾಯಿತು, ಯಾರೂ ಹಾಲ್‌ಗೆ ವಾಪಸಾಗಲಿಲ್ಲ.

ಜೀಪು ಹೊರಟ ಮೇಲೆ ಗಂಡ ಹೆಂಡತಿ ಜಾಡಿಯನ್ನು ಊಟದ ಮೇಜಿಗೆ ತಂದಿಟ್ಟು ಅದರ ಎರಡು ಬದಿಗೆ ಕೂತರು.

"ಕೂದಲು ಉದುರಿತಾ?" ಅಂತ ಕೇಳಿದರು ಮಜೀದ್.

"ನನ್ನದು ಇಲ್ಲ. ನಿಮ್ಮ ಮಗಳು ಹರಳೆಣ್ಣೆ ತೊಳೆಯೋಕೆ ಮೂರು ಸಲ ತಲೆಸ್ನಾನ ಮಾಡಿದಳು, ಆಗ ಸ್ವಲ್ಪ ಹೋಯ್ತು" ಅಂದರು ಜೊಹರಾ.

ಮಜೀದ್ ಅವರು ನಕ್ಕರು. ತಡೆದು ತಡೆದು ಇಟ್ಟುಕೊಂಡಿದ್ದ ನಗು ಅದು. ಕುರ್ಚಿಯ ಮೇಲೆ ಕೂರಲಾರದೆ ಎದ್ದು ಗೋಡೆ ಹಿಡಿದುಕೊಂಡರು.

ಮಾರನೇ ದಿನ ಅವರೇ ಜಾಡಿ ಎತ್ತಿ ತಂದರು. ಒಂದೊಂದಾಗಿ ಎಲ್ಲವೂ ತೊಟ್ಟಿಗೆ ಇಳಿದವು. ರೈಟರನ್ನು ಕಲ್ಲಿನ ಸಮೇತ ಇಳಿಸಬೇಕೆಂದು ಜೊಹರಾ ಪಟ್ಟು ಹಿಡಿದರು, ಹಾಗೇ ಆಯಿತು. ಹಸೀಬನನ್ನು ಕೇಳಿದಾಗ ಅವನು, ಮೀನಿಗೆ ಮದುವೆ ಊಟ ಹಾಕಿದ ಹಾಗೆ ಹಾಕುವುದನ್ನೂ ನಿಲ್ಲಿಸಿ ಅಂದ. ಮಜೀದ್ ಅವರು ಅದನ್ನೂ ಒಪ್ಪಿದರು. ಕಾಫಿ ಹೂವಿನ ಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗುವ ಹೊತ್ತಿಗೆ ತೊಟ್ಟಿಯ ಗಾಜು ತಿಳಿಯಾಗಿತ್ತು. ಅದು ಹುಳುಗಳ ಕೆಲಸವೋ, ಊಟ ಕಡಿಮೆ ಮಾಡಿದ್ದರಿಂದಲೋ ಅಂತ ಮನೆಯಲ್ಲಿ ಇನ್ನೂ ವಾದ ಇದೆ.

ಈಗ ಬೆಳಿಗ್ಗೆ ಸ್ಟೂಲು ಹಾಕಿಕೊಂಡು ಕೂತರೂ ಮಜೀದ್ ಅವರ ಕೈಯಲ್ಲಿ ಚಿಮಟ ಇರುವುದಿಲ್ಲ. ನಿನ್ನೆ ಇಲ್ಲದ್ದು ಇವತ್ತು ಏನಾದರೂ ಇದೆಯಾ ಅಂತ ನೋಡುತ್ತಾರೆ. ಇಲ್ಲದಿದ್ದರೆ ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಹೋಗುತ್ತಾರೆ.

ಮೊನ್ನೆ ಅವರು ಹೆಂಡತಿಯನ್ನು ಹಾಲ್‌ಗೆ ಕರೆದರು. ದೊಡ್ಡ ಕಲ್ಲಿನ ಬುಡದಲ್ಲಿ, ಯಾರ ಕಣ್ಣಿಗೂ ಬೀಳದಿದ್ದ ಸಂದಿಯೊಂದರಿಂದ, ಕಡ್ಡಿಯಂಥ ಕೊಳವೆಯೊಂದು ಹೊರಗೆ ಬಂದಿತ್ತು. ಅದರ ತುದಿಯಲ್ಲಿ ಕಂದು ಬಿಳಿ ಪಟ್ಟೆಯ ಪುಟ್ಟ ಬೀಸಣಿಗೆ ಅರಳಿತ್ತು. ಬೆರಳಿನ ನೆರಳು ಬಿದ್ದದ್ದೇ ತಡ, ಬೀಸಣಿಗೆ ಸರಕ್ಕನೆ ಕೊಳವೆಯೊಳಗೆ ಮಾಯ. ನಂಬಿಕೆ ಬಂದ ಮೇಲೆ ಮತ್ತೆ ನಿಧಾನಕ್ಕೆ ಅರಳಿತು.

ಮಜೀದ್ ಅವರು ಹೆಂಡತಿಯ ಮುಖವನ್ನೇ ನೋಡಿದರು. "ಈ ಸಲ ಒಳ್ಳೇ ಮಾಲು ತಂದಿದೀಯ. ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟು ದಿನ?"

ಜೊಹರಾ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಬಾಗಿಲಲ್ಲಿ ಕಾಲೇಜಿಗೆ ಹೊರಟು ನಿಂತಿದ್ದ ಫಿಜಾಳ ಕಡೆ ತಿರುಗಿದರು. ಫಿಜಾ ಕಣ್ಣಗಲಿಸಿ, ತನಗೂ ಗೊತ್ತಿಲ್ಲವೆಂದು ತಲೆಯಾಡಿಸಿದಳು.

ಜೊಹರಾ ಸೆರಗು ಸರಿಮಾಡಿಕೊಂಡರು.

"ಅದನ್ನೆಲ್ಲ ಹೇಳೋಕಾಗಲ್ಲ" ಅಂದು ಅಡಿಗೆಮನೆಗೆ ನಡೆದರು. ಹಿಂದೆ ಗಂಡ ಸ್ಟೂಲು ಎಳೆದುಕೊಂಡು ಕೂತ ಸದ್ದು ಕೇಳಿಸಿತು.